ತಮ್ಮನ ದೋಣಿಯಲ್ಲಿ ಎರಡು ದಿನ

ನಮ್ಮದು ಎರೆಮಣ್ಣಿನ ಸೀಮೆ. ಕಳಸಾಪುರದಲ್ಲಿ ಹುಟ್ಟಿ ಬೆಳೆದವರಿಗೆ ನೀರೆಂದರೆ ಕೆರೆಯ ನೀರು, ಬಾವಿಯ ನೀರು. ಮುಗಿಲು ಒಲಿದ ವರ್ಷ ಹೊಲದ ಬದುವಿನಲ್ಲಿ ನಿಂತ ಮಳೆಯ ನೀರು. ಕಡಲನ್ನು ನಾವು ಬಲ್ಲದ್ದು ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳಿಂದ. ಮಠದಲ್ಲಿ ಗುರುಗಳ ಎದುರು ಕುಳಿತು ಸಮುದ್ರವರ್ಣನೆಯ ಪದ್ಯಗಳಿಗೆ ಅನ್ವಯ ಹೇಳಿ ಭೇಷ್ ಎನ್ನಿಸಿಕೊಂಡಿದ್ದೆವು. ಆದರೆ ದಡದಲ್ಲಿ ನಿಂತು ಒಂದೆರಡು ಸಾರಿ ನೋಡಿದ್ದನ್ನು ಬಿಟ್ಟರೆ ಆ ನೀರಿನ ಮೇಲೆ ಹೋದವರಲ್ಲ. ಹೋಗಬೇಕೆಂಬ ಆಸೆಯೂ ಇರಲಿಲ್ಲ. 2025ರ ಫೆಬ್ರುವರಿಯಲ್ಲಿ, ಅರವತ್ತಾರನೆಯ ವಯಸ್ಸಿನಲ್ಲಿ ಹೋದೆವೆಂದರೆ ಅದಕ್ಕೆ ಬೇರೆ ಕಾರಣವಿತ್ತು.

ನಮ್ಮ ತಮ್ಮನೊಬ್ಬ ಹಡಗಿನ ಎಂಜಿನುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಳೆದವನು. ನಿವೃತ್ತನಾದ ಮೇಲೆ ಊರಿಗೆ ಬಂದು ಮನೆ ಕಟ್ಟಿಸುತ್ತಾನೆಂದು ಎಲ್ಲರೂ ತಿಳಿದಿದ್ದರು. ಅವನು ತನ್ನ ಪಾಲಿನ ಹೊಲವನ್ನು ಮಾರಿ ಹೊನ್ನಾವರದಲ್ಲಿ ಹಳೆಯ ಮೀನುಗಾರಿಕೆಯ ದೋಣಿಯೊಂದನ್ನು ಕೊಂಡನು. ಅದಕ್ಕೆ ಹೊಸ ಎಂಜಿನು ಕೂಡಿಸಿ, ಹಾಯಿ ಕಟ್ಟಿಸಿ, ಮಲಗಲು ಎರಡು ಹಲಗೆ, ಒಂದು ಒಲೆ, ನೀರಿನ ಡ್ರಮ್ಮು ಇಟ್ಟುಕೊಂಡು, ಹೆಂಡತಿ ಮತ್ತು ಒಂದು ನಾಯಿಯೊಡನೆ ದ್ವೀಪದಿಂದ ದ್ವೀಪಕ್ಕೆ ತಿರುಗತೊಡಗಿದನು. ಕಾರವಾರದ ಎದುರಿನ ಕೂರ್ಮಗಡ, ದೀಪಸ್ತಂಭವಿರುವ ದೇವಗಡ, ಮುರುಡೇಶ್ವರದ ಆಚೆಯ ನೇತ್ರಾಣಿ, ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳು. ಅಕ್ಟೋಬರಿನಿಂದ ಮೇವರೆಗೆ ಇದೇ ಅವರ ಸಂಸಾರ. ಎರೆಹೊಲ ಮಾರಿ ಉಪ್ಪುನೀರು ಕೊಂಡನೆಂದು ಊರು ನಕ್ಕಿತು. ನಾವೂ ನಕ್ಕೆವು.

ಆ ನಗೆ ಸಿಟ್ಟಾಗಿ ತಿರುಗಿದ್ದು 2022ರ ಜನವರಿಯಲ್ಲಿ. ಹಿಂದಿನ ಡಿಸೆಂಬರಿನಿಂದಲೇ ನಮ್ಮ ತಾಯಿಯವರಿಗೆ ಶಕ್ತಿ ಕುಂದಿತ್ತು. ಬಾ ಎಂದು ಹೇಳಿ ಕಳಿಸಿದಾಗ ತಮ್ಮನು, ನಾಯಿಯ ಕಾಲಿಗೆ ಮೀನಿನ ಗಾಳ ನಟ್ಟಿದೆ, ದಿನಾಲು ಪಟ್ಟಿ ಕಟ್ಟಿಸಬೇಕು, ಸ್ವಲ್ಪ ತಡೆದು ಬರುತ್ತೇನೆ ಎಂದನು. ಸಂಕ್ರಾಂತಿ ಇನ್ನೂ ಐದು ದಿನವಿರುವಾಗ ಬೆಳಗಿನ ಜಾವದಲ್ಲಿ ತಾಯಿಯವರು ಲಿಂಗೈಕ್ಯರಾದರು. ಹಿಂದಿನ ರಾತ್ರಿ ಎರಡು ಸಲ, “ಸಣ್ಣಾವ ಬಂದನೇನು?” ಎಂದು ಕೇಳಿದ್ದರು. ಮುಂಜಾನೆಯಿಂದ ಮಧ್ಯಾಹ್ನದವರೆಗೆ ಫೋನು ಮಾಡಿದೆವು, ಹತ್ತಲಿಲ್ಲ. ಕಾಯುವವರೆಗೆ ಕಾಯ್ದು ಹೊಲದಲ್ಲಿ ಸಮಾಧಿ ಮಾಡಿದೆವು. ಅವನು ಬಂದದ್ದು ಮರುದಿನ ಸಂಜೆ. ಅಂದಿನಿಂದ ನಾವು ಅವನೊಡನೆ ಮಾತು ಬಿಟ್ಟೆವು. ಕೇಳಿದವರಿಗೆಲ್ಲ, ನಾಯಿಗಾಗಿ ತಾಯಿಯನ್ನು ಬಿಟ್ಟವನು ಎಂದು ಹೇಳುತ್ತ ಬಂದೆವು. ಮಾತು ಪ್ರಾಸಬದ್ಧವಾಗಿತ್ತು; ಕೇಳಿದವರು ತಲೆದೂಗುತ್ತಿದ್ದರು.

ಮೂರು ವರ್ಷ ಕಳೆದ ಮೇಲೆ ನಮ್ಮ ಮನೆಯವರು ಒಂದು ದಿನ, “ಅವ್ವನ ಹೆಸರಲೆ ಎಷ್ಟು ದಿನ ಜಗಳ ಕಾಯ್ತೀರಿ? ಹೋಗಿ ಒಂದಪಾ ಕೇಳೇ ಬರ್ರಿ” ಎಂದರು. ಕೇಳಿಯೇ ಬರುವುದೆಂದು ಹುಬ್ಬಳ್ಳಿಯ ಮೇಲೆ ಘಟ್ಟ ಇಳಿದು ಹೊನ್ನಾವರಕ್ಕೆ ಹೋದೆವು.

ತಮ್ಮನು ಬಸ್ ನಿಲ್ದಾಣಕ್ಕೆ ಬಂದಿದ್ದನು. ಬಿಸಿಲಿಗೆ ಸುಟ್ಟು ನಮಗಿಂತ ಮುದುಕನಾಗಿ ಕಾಣುತ್ತಿದ್ದನು. ಪಕ್ಕದಲ್ಲಿ ಆ ನಾಯಿ. ಜಾತಿಯ ನಾಯಿಯೇನೂ ಅಲ್ಲ. ಬಂದರಿನಲ್ಲಿ ಮೀನಿನ ಬುಟ್ಟಿಗಳ ನಡುವೆ ಹುಟ್ಟಿದ ಕರಿಯ ಹೆಣ್ಣುನಾಯಿ. ಮುಂಗಾಲೊಂದು ತುಸು ಕುಂಟು. ಹೆಸರೇನೆಂದು ಕೇಳಿದೆವು. “ಕಾಳಿ. ನೀನ ಹೇಳಿದ ಕಥಿ ಅಲ್ಲೇನಣ್ಣಾ?” ಎಂದನು.

ನಾವು ಹೇಳಿದ್ದು ನಿಜ. ಅವನು ಏಳನೆಯ ಇಯತ್ತೆಯಲ್ಲಿದ್ದಾಗ, ಮಠದಿಂದ ರಜೆಗೆ ಬಂದ ನಾವು ನಮ್ಮ ಹೊಸ ಪಾಂಡಿತ್ಯವನ್ನು ಅವನ ಮೇಲೆ ಸುರಿಯುತ್ತಿದ್ದೆವು. ಮಂಡ್ಯ ಸೀಮೆಯ ಆತಕೂರಿನಲ್ಲಿ ನಿಲ್ಲಿಸಿದ್ದ ಒಂದು ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಕವರ್ಷ 872ರದು, ಎಂದರೆ ಕ್ರಿ.ಶ. 949-50. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನು ಬಿದ್ದನು. ಅದರಿಂದ ಮೆಚ್ಚಿದ ರಾಷ್ಟ್ರಕೂಟರ ಮೂರನೆಯ ಕೃಷ್ಣನು ಗಂಗ ಬೂತುಗನಿಗೆ ಬನವಾಸಿ ಮೊದಲಾದ ನಾಡುಗಳನ್ನು ಕೊಟ್ಟ ವಿಷಯ ಅದರಲ್ಲಿದೆ. ಆ ನಾಡುಗಳಲ್ಲಿ ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಎಂಬುವೂ ಸೇರಿವೆ. ಎಂದರೆ ನಮ್ಮ ಗದಗಿನ ಸೀಮೆ, ನಮ್ಮ ಲಕ್ಷ್ಮೇಶ್ವರ. ಒಡೆಯನು ಮೆಚ್ಚಿ ಏನು ಬೇಕು ಕೇಳೆಂದಾಗ ಬೂತುಗನ ಭಂಟ ಮಣಲೇರನು ಕೇಳಿದ್ದು ಮಾತ್ರ ಕಾಳಿ ಎಂಬ ಒಂದು ನಾಯಿಯನ್ನು. ಆ ನಾಯಿ ಮುಂದೆ ಬೆಳತೂರಿನ ಗುಡ್ಡದಲ್ಲಿ ದೊಡ್ಡ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ನಾಯಿ ಹಂದಿಯ ಮೇಲೆ ಬಿದ್ದ ಚಿತ್ರ ಇಂದಿಗೂ ಕಲ್ಲಿನಲ್ಲಿದೆ. ಐವತ್ತು ವರ್ಷಗಳ ಹಿಂದೆ ಹೇಳಿ ನಾವು ಮರೆತ ಕಥೆಯನ್ನು ಅವನು ಹಡಗುಗಳಲ್ಲಿ ಹೊತ್ತುಕೊಂಡು ತಿರುಗಿದ್ದನೆಂದು ಆಗ ತಿಳಿಯಿತು. ಆದರೂ ಸಿಟ್ಟು ಇಳಿಯಲಿಲ್ಲ.

ದೋಣಿ ಶರಾವತಿಯ ಅಳಿವೆಯ ಒಳಗೆ ಲಂಗರು ಹಾಕಿ ನಿಂತಿತ್ತು. ನಮ್ಮ ನಾದಿನಿಯಂತೆ ಬೆಳೆದ ತಮ್ಮನ ಹೆಂಡತಿ, ಮುಂಡರಗಿಯ ಕಡೆಯ ಮನೆಮಗಳು, ತಲೆಯ ಮೇಲೆ ಸೆರಗು ಹೊದ್ದು ಚುಕ್ಕಾಣಿ ಹಿಡಿದಿದ್ದಳು! ನಮ್ಮನ್ನು ಕಂಡು, “ಭಾವನೋರ, ಕಾಲು ಜ್ವಾಕಿ” ಎಂದಳು. ಮರುದಿನ ಬೆಳಗ್ಗೆ ಅಲುಗಾಡುವ ಹಲಗೆಯ ಮೇಲೆ ನಾವು ಪೂಜೆಗೆ ಕುಳಿತಾಗ ತಂಬಿಗೆ ಉರುಳದಂತೆ ಅವಳೇ ಹಿಡಿದುಕೊಂಡಳು. ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ. ಮೀನಿನ ನಾಡಿನಲ್ಲಿದ್ದರೂ ಒಲೆ ಮಾತ್ರ ಕಳಸಾಪುರದ್ದೇ. ನಾಯಿಗೂ ರೊಟ್ಟಿಯೇ. ಬಂದರಿಗೆ ಹೋದಾಗ ಅದು ತನ್ನ ಪದ್ಧತಿಯಂತೆ ಬೇರೆ ಏನು ತಿನ್ನುತ್ತಿತ್ತೋ ನಾವು ವಿಚಾರಿಸಲಿಲ್ಲ.

ಅಳಿವೆ ದಾಟುವುದು ಸುಲಭದ ಮಾತಲ್ಲ. ನದಿ ತಂದ ಉಸುಕು, ಕಡಲು ತಳ್ಳಿದ ಉಸುಕು ಎರಡೂ ಬಾಯಿಯಲ್ಲಿ ದಿಬ್ಬವಾಗಿ ನಿಲ್ಲುತ್ತವೆ. ಅಲ್ಲಿ ಅಲೆ ಮುರಿಯುತ್ತದೆ. ಭರತದ ನೀರು ಏರಿದಾಗ ದಾಟಬೇಕು. ನಾವು ಕಣ್ಣು ಮುಚ್ಚಿಕೊಂಡೆವು. ಕಾಳಿ ಮಾತ್ರ ಮೂತಿಯನ್ನು ಗಾಳಿಗೆ ಒಡ್ಡಿ ಮುಂದಿನ ತುದಿಯಲ್ಲಿ ನಿಂತಿತ್ತು.

ಮೊದಲ ದಿನ ಬಸವರಾಜದುರ್ಗಕ್ಕೆ ಹೋದೆವು. ಹೊನ್ನಾವರದಿಂದ ವಾಯವ್ಯಕ್ಕೆ, ನಾಲ್ಕೈದು ಕಿಲೋಮೀಟರಿನೊಳಗೆ ಇರುವ ಈ ದ್ವೀಪದ ಸುತ್ತ ಕೆಳದಿಯ ಅರಸರ ಕಾಲದ ಮುರಕಲ್ಲಿನ ಕೋಟೆಗೋಡೆ ಇನ್ನೂ ನಿಂತಿದೆ. ಕೆಳದಿಯ ಬಸವಭೂಪಾಲನು 1709ರಲ್ಲಿ ಮುಗಿಸಿದ ಶಿವತತ್ತ್ವರತ್ನಾಕರವನ್ನು ಮಠದಲ್ಲಿ ಓದಿದ್ದೆವು. ಆ ಹೆಸರನ್ನೇ ಹೊತ್ತ ಗಡ್ಡೆಯೊಂದು ಕಡಲಿನಲ್ಲಿರುವುದು ಗೊತ್ತಿರಲಿಲ್ಲ. ಕೆಳದಿಯವರೆಂದರೆ ಮಲೆನಾಡಿನ ಅಡಕೆ, ಮೆಣಸು, ಬಿದನೂರಿನ ಅರಮನೆ ಎಂದಷ್ಟೇ ನಮ್ಮ ತಿಳಿವಳಿಕೆ. ಆ ಮೆಣಸು ಹಡಗು ಹತ್ತುತ್ತಿದ್ದುದು ಈ ಕರಾವಳಿಯಲ್ಲಿ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಪೋರ್ತುಗೀಜರ ರಾಯಭಾರಿಯೊಡನೆ ಇದೇ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಹೋಗಿ, ಘಟ್ಟ ಹತ್ತಿ ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನನ್ನು ಕಂಡನು. ನಮ್ಮ ಪೂರ್ವಜರೆಲ್ಲ ನೆಲಕ್ಕೆ ಅಂಟಿಕೊಂಡವರೆಂದು ನಾವು ಬೋಧಿಸುತ್ತ ಬಂದದ್ದರಲ್ಲಿ ಅರ್ಧ ತಪ್ಪು. ಅಲೆಯ ಹೊಡೆತದಿಂದ ಆ ದಿನ ಮೇಲೆ ಹತ್ತಲಾಗಲಿಲ್ಲ. ಗೋಡೆಯನ್ನು ಸುತ್ತು ಹಾಕಿ ನೋಡಿದೆವು.

ಸಂಜೆ ಮರಳಿ ಹೊಳೆಯೊಳಗೆ ನಿಂತಾಗ ತಮ್ಮನು ತನ್ನ ಬಹುದಿನದ ಆಸೆಯೊಂದನ್ನು ಹೇಳಿದನು. ಯುರೋಪಿನ ಕಡೆಯಿಂದ ಕೊಲಂಬೊ, ಸಿಂಗಾಪುರಗಳತ್ತ ಹೋಗುವ ಹಡಗುಗಳು ಮಿನಿಕಾಯ್ ದ್ವೀಪದ ಹತ್ತಿರ ಹಾಯುತ್ತವೆ. 1885ರಲ್ಲಿ ಕಟ್ಟಿದ ಅಲ್ಲಿಯ ದೀಪಸ್ತಂಭದ ಬೆಳಕನ್ನು ಅವನು ಎಷ್ಟೋ ರಾತ್ರಿ ಹಡಗಿನ ಮೇಲಿಂದ ನೋಡಿದ್ದನಂತೆ, ಕಾಲಿಟ್ಟಿರಲಿಲ್ಲ. ಲಕ್ಷದ್ವೀಪಕ್ಕೂ ನಮಗೂ ಸಂಬಂಧ ಹೊಸದೇನೂ ಅಲ್ಲ. ಅಮಿನಿ, ಕಡ್ಮತ್, ಕಿಲ್ತಾನ್, ಚೆಟ್ಲತ್, ಬಿತ್ರ ಎಂಬ ಉತ್ತರದ ದ್ವೀಪಗಳು 1799ರಲ್ಲಿ ಟಿಪ್ಪುವಿನ ಪತನದ ತರುವಾಯ ಕಂಪನಿಯ ಕೈಸೇರಿ, ಮಂಗಳೂರಿನ ಆಡಳಿತಕ್ಕೆ ಒಳಪಟ್ಟವು. 1956ರ ನವೆಂಬರ್ 1ರವರೆಗೂ ಅವು ದಕ್ಷಿಣ ಕನ್ನಡ ಜಿಲ್ಲೆಯ ಭಾಗವೇ ಆಗಿದ್ದವು. ಅಲ್ಲಿಯ ತೆಂಗಿನ ನಾರಿನ ಹುರಿ ಮಂಗಳೂರಿಗೆ ಬರುತ್ತಿತ್ತು, ಮಂಗಳೂರಿನ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಸುಮಾರು ಮುನ್ನೂರು ಕಿಲೋಮೀಟರು, ಹಾಯಿಹಡಗಿನಲ್ಲಿ. 2024-25ರಲ್ಲಿ ನಮ್ಮ ನೌಕಾಪಡೆಯ ದಿಲ್ನಾ, ರೂಪಾ ಎಂಬ ಇಬ್ಬರು ಹೆಣ್ಣುಮಕ್ಕಳೇ ತಾರಿಣಿ ಎಂಬ ಹಾಯಿನಾವೆಯಲ್ಲಿ ಗೋವೆಯಿಂದ ಹೊರಟು ಭೂಮಂಡಲವನ್ನು ಸುತ್ತಿ ಬಂದಿರುವಾಗ ಇದೇನು ಮಹಾ ದೂರ?

“ಮತ್ತ ಯಾಕ ಹೋಗಲಿಲ್ಲ?” ಎಂದೆವು.

ತಮ್ಮನು ಕಾಳಿಯ ಕಡೆ ಕೈ ತೋರಿಸಿದನು. ಲಕ್ಷದ್ವೀಪದಲ್ಲಿ ನಾಯಿಗಳಿಲ್ಲ, ಹುಚ್ಚುನಾಯಿಯ ರೋಗವೂ ಇಲ್ಲ. ಹೊರಗಿನಿಂದ ನಾಯಿಯನ್ನು ಒಯ್ಯಲು ಬಿಡುವುದಿಲ್ಲ. ಮನುಷ್ಯರಿಗೂ ಪರವಾನಿಗೆ ಬೇಕು, ಅದನ್ನು ಪಡೆಯಬಹುದು. ನಾಯಿಗೆ ಪರವಾನಿಗೆಯೇ ಇಲ್ಲ. ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿಯೂ ನಾಯಿಯೊಡನೆ ಹೋದ ನಾವಿಕರಿಗೆ ಇಂಥ ಬಿಗಿ ಕಟ್ಟಳೆಗಳಿವೆ. ಕಟ್ಟಳೆ ಸರಿಯಾದದ್ದೇ ಎಂದು ತಮ್ಮನೇ ಹೇಳಿದನು. “ಇಕಿನ್ನ ಯಾರ ಕಡೆ ಬಿಟ್ಟು ಹೋಗ್ಲಿ? ಇನ್ನ ನಾಕೈದು ವರ್ಷ ಇರ್ತಾಳ. ಆಮ್ಯಾಲೆ ನಮ್ಮ ಕೈಕಾಲು ಇದ್ರ ನೋಡೂಣು.”

ನಮಗೆ ಸಹಜವಾಗಿ ಧರ್ಮರಾಯನ ನೆನಪಾಯಿತು. ನಾಯಿಯನ್ನು ಬಿಟ್ಟು ಬರುವುದಾದರೆ ಸ್ವರ್ಗವೇ ಬೇಡವೆಂದವನು. ಇಲ್ಲೊಂದು ಮಾತು. ನಮ್ಮ ಗದುಗಿನ ಭಾರತದಲ್ಲಿ ಆ ನಾಯಿ ಇಲ್ಲ. ವೀರನಾರಾಯಣನ ಭಕ್ತನಾದ ಕುಮಾರವ್ಯಾಸನು ಹತ್ತೇ ಪರ್ವಗಳಿಗೆ ಲೇಖನಿ ಇಟ್ಟನು. ಮಹಾಪ್ರಸ್ಥಾನ ಬರುವುದು ಉಳಿದ ಪರ್ವಗಳನ್ನು ಬರೆದ ತಿಮ್ಮಣ್ಣ ಕವಿಯಲ್ಲಿ. ಇದನ್ನು ತಮ್ಮನಿಗೆ ವಿವರಿಸಿದೆವು. ಅವನು ಕೇಳಿ, “ನಿನ್ನ ಪಾಠ ಇನ್ನೂ ಮುಗಿದಿಲ್ಲ ನೋಡು” ಎಂದು ನಕ್ಕನು.

ಎರಡನೆಯ ದಿನ ನಸುಕಿನಲ್ಲಿ, ನೆಲದಿಂದ ಕಡಲಿನತ್ತ ಬೀಸುವ ಗಾಳಿ ಹಿಡಿದು ನೇತ್ರಾಣಿಗೆ ಹೊರಟೆವು. ಮಧ್ಯಾಹ್ನದ ಮೇಲೆ ಗಾಳಿ ತಿರುಗಿ ಕಡಲಿನಿಂದ ನೆಲಕ್ಕೆ ಬೀಸುವುದರಿಂದ ಅದೇ ನಮ್ಮನ್ನು ಮರಳಿ ತರುತ್ತದೆಂದು ಲೆಕ್ಕ. ಮೂರು ತಾಸು ಎಲ್ಲೆಲ್ಲೂ ನೀರು. ಆಮೇಲೆ ಕಲ್ಲುಗುಡ್ಡವೊಂದು ನೆಟ್ಟಗೆ ನೀರಿನಿಂದ ಎದ್ದಂತೆ ಕಂಡಿತು. ಪಾರಿವಾಳಗಳಿಂದಾಗಿ ಇಂಗ್ಲಿಷರು ಇದನ್ನು ಪಾರಿವಾಳದ ದ್ವೀಪವೆಂದೇ ಕರೆದರು. ಬಿಳಿಹೊಟ್ಟೆಯ ಕಡಲಹದ್ದುಗಳು ಮೇಲೆ ಸುತ್ತುತ್ತಿದ್ದವು. ಕೆಳಗೆ ನೀರು ಎಷ್ಟು ತಿಳಿಯೆಂದರೆ ತಳದ ಹವಳದ ಬಂಡೆಗಳು ಕಾಣುತ್ತಿದ್ದವು.

ದ್ವೀಪದ ಮರೆಯಲ್ಲಿ ಲಂಗರು ಬಿಟ್ಟು ತಮ್ಮನು ಸ್ವಲ್ಪ ಹೊತ್ತು ಸುಮ್ಮನಿದ್ದನು. “ಅಣ್ಣಾ, ಅವತ್ತು ಇಲ್ಲೇ ಇದ್ವಿ” ಎಂದನು. ಫೋನು ಇಲ್ಲಿ ಹತ್ತದು. ಕಾಳಿಯ ಗಾಯ ಮಾದಿತ್ತು. ಸಂಕ್ರಾಂತಿಗೆ ಊರಿಗೆ ಹೊರಡುವ ಮೊದಲು ಎರಡು ದಿನ ಬಂದಿದ್ದರಂತೆ. ನಾವು ಮೂರು ವರ್ಷ ಕೂಡಿಟ್ಟುಕೊಂಡ ಪ್ರಶ್ನೆ ಬಾಯಿಗೆ ಬರಲಿಲ್ಲ. ಅವನು ಎಂಜಿನು ನೋಡಲು ಹೋದನು. ಹಲಗೆಯ ಮೇಲೆ ಅವನ ದಿನಚರಿಯ ವಹಿಗಳಿದ್ದವು. ಗಾಳಿ, ನೀರಿನ ಆಳ, ಎಣ್ಣೆಯ ಲೆಕ್ಕ, ಬಂದ ಫೋನು, ಹೋದ ಫೋನು ಎಲ್ಲವನ್ನೂ ಹಡಗಿನ ಅಭ್ಯಾಸದಂತೆ ಬರೆದಿಡುತ್ತಾನೆ. ಬರೆದದ್ದು ಕಂಡರೆ ಓದುವುದು ನಮ್ಮ ಜೀವಮಾನದ ಚಟ. 2022ರ ವಹಿಯನ್ನು ತೆಗೆದೆವು. ಜನವರಿ 2ರ ಪುಟದಲ್ಲಿ ಎರಡೇ ಸಾಲು ಇದ್ದವು: ಅಣ್ಣನ ಫೋನು. ಅವ್ವ ಗಂಜಿ ಕುಡಿದಾಳ, ಅವಸರಿಲ್ಲ, ನಾಯಿ ಕಾಲು ಮಾಯಲಿ, ಸಂಕ್ರಾಂತಿಗೆ ಬಾ ಅಂದ.

ನಾವು ಹಾಗೆ ಹೇಳಿದ್ದು ನಮಗೆ ನೆನಪಿರಲಿಲ್ಲ. ಪುಟವನ್ನು ನೋಡುತ್ತಿದ್ದಂತೆ ನೆನಪಾಯಿತು. ಆ ದಿನ ತಾಯಿಯವರು ಎದ್ದು ಕುಳಿತಿದ್ದರು. ಪಡಸಾಲೆಯಲ್ಲಿ ನಿಂತು, ಸಂತೋಷದಿಂದಲೇ, ನಾವೇ ಫೋನು ಮಾಡಿದ್ದೆವು. ಕಲ್ಲಿನ ಮೇಲೆ ಕೊರೆದ ಒಂದಕ್ಷರಕ್ಕಾಗಿ ಪಂಡಿತರೊಡನೆ ವಾದ ಹೂಡಿದವರು ನಾವು. ನಮ್ಮದೇ ಮಾತನ್ನು ಏಳು ದಿನಗಳಲ್ಲಿ ಮರೆತು ಅದರ ಭಾರವನ್ನು ಒಂದು ನಾಯಿಯ ಮೇಲೆ ಹೊರಿಸಿದ್ದೆವು.

ತಮ್ಮನನ್ನು ಕರೆದು ಪುಟ ತೋರಿಸಿ, “ಇದನ್ನ ಯಾಕ ಹೇಳಲಿಲ್ಲೋ?” ಎಂದೆವು.

ಅವನು ವಹಿಯನ್ನು ಮುಚ್ಚಿ ಒಳಗಿಟ್ಟನು. “ಊರಾಗ ಇರಾವ ನೀನು. ನಾಕ ಮಂದಿ ನಿನಗ ಮರ್ಯಾದಿ ಕೊಡ್ತಾರ. ನಾ ಹೆಂಗೂ ನೀರಿನ ಮ್ಯಾಲೆ ಇರಾವ.”

ಅವನ ಹೆಂಡತಿ ಒಲೆಯ ಕಡೆ ತಿರುಗಿ ಕುಳಿತಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಕಂಡಿತು. ಮರಳುವ ದಾರಿಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಕಾಳಿ ಬಂದು ನಮ್ಮ ಪಾದದ ಹತ್ತಿರ ಮಲಗಿತು. ಮೊದಲ ದಿನ ಕಾಲು ಹಿಂದೆಗೆದಿದ್ದೆವು. ಅಂದು ಹಿಂದೆಗೆಯಲಿಲ್ಲ.

ಜೂನ್ ತಿಂಗಳಲ್ಲಿ ಮಳೆಗಾಲ ಹಿಡಿದು ದೋಣಿಗಳು ದಡ ಸೇರಿದ ಮೇಲೆ ಇಬ್ಬರೂ ಕಾಳಿಯೊಡನೆ ಕಳಸಾಪುರಕ್ಕೆ ಬಂದರು. ಹಿಂದೆ ಯಾರ ಯಾರ ಮನೆಯಲ್ಲಿ ಕುಳಿತು ಆ ಪ್ರಾಸದ ಮಾತು ಆಡಿದ್ದೆವೋ ಅವರ ಮನೆಗಳಿಗೆ ತಮ್ಮನನ್ನು ಕರೆದುಕೊಂಡು ಹೋಗಿ, ಬಾ ಬೇಡವೆಂದು ತಡೆದವರು ನಾವೇ ಎಂದು ಹೇಳಿ ಬಂದೆವು. ಇನ್ನೂ ಎರಡು ಮನೆ ಉಳಿದಿವೆ. ಓದುಗರಲ್ಲಿ ಅವರಿದ್ದರೆ ಇದನ್ನೇ ನಮ್ಮ ಮಾತೆಂದು ತಿಳಿಯಬೇಕು. ಹೊಲದಲ್ಲಿ ಹೆಸರು ಬಿತ್ತಿತ್ತು. ತಾಯಿಯವರ ಸಮಾಧಿಯ ಹತ್ತಿರ ತಮ್ಮನು ಬಹಳ ಹೊತ್ತು ಕುಳಿತನು. ಎರೆಮಣ್ಣು ಮಳೆಗೆ ನೆನೆದಿತ್ತು. ಕಾಳಿಯ ನಾಲ್ಕೂ ಕಾಲಿಗೆ ಮುದ್ದೆ ಮುದ್ದೆಯಾಗಿ ಅಂಟಿಕೊಂಡು ಅದು ಹೆಜ್ಜೆ ಎತ್ತಿಡಲಾರದೆ ನಮ್ಮ ಮುಖ ನೋಡಿತು. ನಮ್ಮ ಮನೆಯವರು ತಂಬಿಗೆಯಲ್ಲಿ ನೀರು ತಂದರು. ನಾವು ಬಗ್ಗಿ, ಆ ಕುಂಟುಗಾಲಿನಿಂದ ಮೊದಲುಮಾಡಿ, ತೊಳೆದೆವು.