ಯಾವುದೀ ಹಾಡು?

ರೇಡಿಯೋದಲ್ಲಿ ಸಿನಿಮಾ ಹಾಡು ಬಂದರೆ ಅದರ ಕುಲಗೋತ್ರವೆಲ್ಲ ಮೊದಲೇ ತಿಳಿಯುತ್ತದೆ. ಬರೆದವರು ಯಾರು, ರಾಗ ಹಾಕಿದವರು ಯಾರು, ಹಾಡಿದವರು ಯಾರು ಎಲ್ಲ ಹೇಳುತ್ತಾರೆ. ಜನಪದ ಗೀತೆಗೆ ಆ ಭಾಗ್ಯ ಕಡಿಮೆ. 'ಇಂಥವರು ಮತ್ತು ಸಂಗಡಿಗರು' ಎಂದರೆ ಮುಗಿಯಿತು. ಹಾವೇರಿ ೧೯೯೭ರಲ್ಲಿ ಬೇರೆ ಜಿಲ್ಲೆಯಾದರೂ ನಮ್ಮ ಕಿವಿ ಇನ್ನೂ ಧಾರವಾಡದ ಕಡೆಗೇ. ಅಲ್ಲಿಯ ಆಕಾಶವಾಣಿ ೧೯೫೦ರಲ್ಲಿ ಆರಂಭವಾದದ್ದು. ಅದನ್ನು ಕೇಳುತ್ತಲೇ ಬೆಳೆದವಳು ನಾನು.

ಹೋದ ಶ್ರಾವಣದಲ್ಲಿ ಒಂದು ಮುಂಜಾನೆ ಅಂಥದೊಂದು ಹಾಡು ಬಂತು. ನಾನು ಹಂಚಿನ ಮೇಲಿನ ರೊಟ್ಟಿ ತಿರುವಿಹಾಕುವಷ್ಟರಲ್ಲಿ ಹಾಡಿದವರ ಹೆಸರು ಹೇಳಿ ಆಗಿತ್ತು. ಇಬ್ಬರು ಹೆಂಗಸರ ದನಿ, ಜೊತೆಗೆ ಹಾರ್ಮೋನಿಯಂ, ತಬಲಾ. ಕಿವಿಯಲ್ಲಿ ಉಳಿದದ್ದು ಮೂರೇ ಮಾತು: ಹೊಳೆ, ತೊಟ್ಟಿಲು, ಅಣ್ಣ. ಹಾಡು ನನಗೆ ಹೊಸದು. ಆದರೆ ಧಾಟಿ ಕೇಳಿ ಯಾಕೋ ಕೈ ನಿಂತುಬಿಟ್ಟಿತು.

ಸಂಗೀತ ಬಲ್ಲ ನಮ್ಮ ಶಾಲೆಯ ಮೇಷ್ಟ್ರು, "ಮೊದಲ ಸಾಲು ಹೇಳ್ರಿ, ಹುಡುಕೋಣ" ಎಂದರು. ಮೊದಲ ಸಾಲು ಎಲ್ಲಿಂದ ತರಲಿ? ಹಲಸಂಗಿ ಗೆಳೆಯರು ಕೂಡಿಸಿದ 'ಗರತಿಯ ಹಾಡು' ತಂದು ಎರಡು ರಾತ್ರಿ ಓದಿದೆ. ಹೊಳೆಯೂ ಇದೆ, ತೊಟ್ಟಿಲೂ ಇದೆ, ಅಣ್ಣಂದಿರಂತೂ ಬೇಕಾದಷ್ಟು. ಆದರೆ ತ್ರಿಪದಿಯ ಸ್ವಭಾವವೇ ಬೇರೆ. ಒಂದೊಂದು ಪದವೂ ತಾನೇ ಪೂರ್ತಿ. ಹಾಡುವವಳು ಮಲ್ಲಿಗೆ ಮೊಗ್ಗು ಪೋಣಿಸಿದಂತೆ ತನಗೆ ಬೇಕಾದದ್ದನ್ನು ಮುಂದೆ ಹಿಂದೆ ಪೋಣಿಸುತ್ತಾಳೆ. ಹೀಗಾಗಿ ಇಂಥದೇ ಮೊದಲ ಸಾಲು ಎಂಬುದಿಲ್ಲ. ಅಲ್ಲದೆ ಪುಸ್ತಕದಲ್ಲಿ ಮೂರು ಸಾಲಿದ್ದದ್ದು ಹಾಡುವಾಗ ನಾಲ್ಕಾಗುತ್ತದೆ. ಎರಡನೆಯ ಸಾಲಿನ ಒಂದು ತುಣುಕು ತಿರುಗಿ ಬರುತ್ತದೆ. ಕಣ್ಣಿನಿಂದ ಓದಿದ್ದು ಕಿವಿಗೆ ಗುರುತು ಸಿಗುವುದೇ ಇಲ್ಲ.

ಮಗಳು ತನ್ನ ಮೊಬೈಲ್ ಮುಂದೆ ಹಿಡಿದು, "ಗುನುಗು, ಅದು ಹೇಳ್ತದ" ಎಂದಳು. ಗುನುಗಿದೆ. ಅದು ಯಾವುದೋ ಹಿಂದಿ ಸಿನಿಮಾದ ಹೆಸರು ಹೇಳಿತು. ಅದಕ್ಕೆ ಗೊತ್ತಿರುವುದು ತನ್ನ ಕಣಜಕ್ಕೆ ಬಿದ್ದ ಹಾಡುಗಳು ಮಾತ್ರ.

ರಾಣೇಬೆನ್ನೂರಿನಲ್ಲಿ ತಂಗಿಯ ಮನೆಗೆ ಹೋದಾಗ ಅವರ ಓಣಿಯ ಭಜನಾ ಮೇಳದವರ ಮುಂದೆಯೂ ಗುನುಗಿದೆ. ಒಬ್ಬರು ಸೋಬಾನೆ ಎಂದರು. ಇನ್ನೊಬ್ಬರು ಶರೀಫರ ತತ್ವಪದವೇ ಎಂದು ಆಣೆ ಮಾಡಿದರು. ಶಿಶುನಾಳ ನಮ್ಮ ಜಿಲ್ಲೆಯದೇ ನೋಡಿ, ಗುರುತು ಸಿಗದ ಹಾಡೆಲ್ಲ ಇಲ್ಲಿ ಶರೀಫಜ್ಜನ ಜೋಳಿಗೆಗೆ ಹೋಗುತ್ತದೆ!

ತಿರುಗಿ ಬರುವಾಗ ರೈಲಿನಲ್ಲಿ ಹಾವೇರಿಗಿಂತ ಮೊದಲು ಬ್ಯಾಡಗಿ. ಅಲ್ಲಿ ನನ್ನ ಅವ್ವನ ಅಕ್ಕ ಇದ್ದಾಳೆ, ಎಂಬತ್ತು ದಾಟಿದವಳು. ಇಳಿದೆ. ದೊಡ್ಡವ್ವ ಪಡಸಾಲೆಯಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಬ್ಯಾಡಗಿ ಕಾಯಿಗೆ ಖಾರಕ್ಕಿಂತ ಬಣ್ಣ ಹೆಚ್ಚು. ಅವಳ ಬೆರಳೆಲ್ಲ ಕೆಂಪಗೆ. ಧಾಟಿ ಗುನುಗಿದೆ. ಆಕೆ ತಲೆ ಎತ್ತದೆ, "ಇಷ್ಟು ದೌಡ ಬೀಸಿದ್ರ ಹಿಟ್ಟು ಬೀಳಂಗಿಲ್ಲ, ನುಚ್ಚು ಬೀಳ್ತದ" ಎಂದಳು.

ಅದು ಬೀಸುವ ಕಲ್ಲಿನ ಪದ. ತಬಲಾದ ಓಟದಲ್ಲಿ ಕಲ್ಲು ತಿರುಗುವ ಗತಿಯೇ ಮುಚ್ಚಿಹೋಗಿತ್ತು. ದೊಡ್ಡವ್ವ ಬಲಗೈಯಿಂದ ಇಲ್ಲದ ಗೂಟ ಹಿಡಿದು ತಿರುಗಿಸುತ್ತ ನಿಧಾನವಾಗಿ ಹಾಡಿದಳು. ಹೊಳೆಯ ದಂಡೆಯಲ್ಲಿ ನಿಂತು ತಂಗಿ ಕೇಳುತ್ತಾಳೆ, ಅಣ್ಣ ಯಾಕೆ ಕರೆಯಲು ಬರಲಿಲ್ಲ ಎಂದು. ಒಂದು ಪದ ಮುಗಿಸಿ ದೊಡ್ಡವ್ವ ಸುಮ್ಮನಾದಳು. ಕೈ ಮಾತ್ರ ತಿರುಗುತ್ತಲೇ ಇತ್ತು. ಆಮೇಲೆ ಮತ್ತೊಂದು ಪ್ರಶ್ನೆ.

"ಉತ್ತರ ಏನು ದೊಡ್ಡವ್ವ?"

"ಅದು ನನಗ ಬರಂಗಿಲ್ಲ. ಕೇಳೂದು ನಂದು, ಹೇಳೂದು ನಿಮ್ಮವ್ವಂದು."

ಮದುವೆಗೆ ಮೊದಲು ಅಕ್ಕತಂಗಿ ನಸುಕಿನಲ್ಲಿ ಎದ್ದು ಒಂದೇ ಕಲ್ಲಿಗೆ ಎದುರುಬದುರು ಕೂಡುತ್ತಿದ್ದರಂತೆ. ನಾನು ಹುಟ್ಟುವ ಹೊತ್ತಿಗೆ ನಮ್ಮ ಓಣಿಗೆ ಹಿಟ್ಟಿನ ಗಿರಣಿ ಬಂದಿತ್ತು, ಕಲ್ಲು ಹಿತ್ತಲು ಸೇರಿತ್ತು. ಅವ್ವ ಪದ ಹಾಡಿದ್ದನ್ನು ನಾನು ಕೇಳಿಯೇ ಇಲ್ಲ. ಜೋಳ ಕೇರುವಾಗ ಬಾಯಿ ಮುಚ್ಚಿಯೇ ಏನನ್ನೋ ಗುನುಗುತ್ತಿದ್ದಳು. ಅಂದು ರೊಟ್ಟಿಯ ಮುಂದೆ ನನ್ನ ಕೈ ನಿಲ್ಲಿಸಿದ್ದು ಆ ಗುನುಗು. ಅವ್ವ ಹೋಗಿ ಎಂಟು ವರ್ಷವಾಯಿತು. ತಂಗಿಗೆ ಏನು ಉತ್ತರ ಹೇಳುತ್ತಿದ್ದಳೋ, ಅದು ಅವಳ ಸಂಗಡವೇ ಹೋಯಿತು.

ರೇಡಿಯೋದ ಹಾಡಿನಲ್ಲಿ ಎರಡೂ ದನಿ ಇದ್ದವಲ್ಲ! ಕೇಂದ್ರಕ್ಕೆ ಆ ದಿನ, ಆ ಹೊತ್ತು ಬರೆದು ಒಂದು ಕಾಗದ ಹಾಕಿದ್ದೇನೆ. ಅಲ್ಲಿಯ ಉತ್ತರ ನಮ್ಮವ್ವನ ಉತ್ತರವೇ ಆಗಬೇಕೆಂದೇನೂ ಇಲ್ಲ. ಊರು ಬದಲಾದರೆ ಪದವೂ ಬದಲಾಗುತ್ತದೆ.

ಮುಂದಿನ ರವಿವಾರ ಇನ್ನೂರು ಹಾಳೆಯ ನೋಟುಬುಕ್ಕು ಹಿಡಿದು ಮತ್ತೆ ಬ್ಯಾಡಗಿಗೆ ಹೋದೆ. ದೊಡ್ಡವ್ವ ಹೇಳಿದ ಹನ್ನೊಂದು ಪದ ಬರೆದುಕೊಂಡೆ. ಒಂದೊಂದರ ಕೆಳಗೂ ಮೂರು ಗೆರೆ ಖಾಲಿ ಬಿಟ್ಟೆ.

"ಹಾಳಿ ಯಾಕ ಹಾಳ ಮಾಡ್ತಿ?" ಎಂದಳು.

"ಅವ್ವನ ಪದಕ್ಕ."

ಆಕೆ ಮೊರದಲ್ಲಿದ್ದ ತೊಟ್ಟುಗಳನ್ನು ಕೈಯಿಂದ ಒತ್ತಟ್ಟಿಗೆ ಸರಿಸಿದಳು.

"ಹಂಗಾದ್ರ ಆರು ಗೆರಿ ಬಿಡು. ನಾ ಒಂದು ಕೇಳಿದ್ರ ಅಕಿ ಎರಡು ಹೇಳ್ತಿದ್ಲು."