ಎಲುಬಿನ ಋಣ

ಸ್ತನದ ಅರ್ಬುದಕ್ಕೆ ಶಸ್ತ್ರಚಿಕಿತ್ಸೆ ಮುಗಿದ ಬಳಿಕ, ಮುಟ್ಟು ನಿಂತಿದ್ದ ಆ ಗೃಹಿಣಿಗೆ ವೈದ್ಯರು ಐದು ವರ್ಷ ಲೆಟ್ರೊಜೋಲ್ ಗುಳಿಗೆಯನ್ನು ವಿಧಿಸಿದರು. ಆಕೆಯ ರೋಗವನ್ನು ಪೋಷಿಸಿದ್ದ ಈಸ್ಟ್ರೊಜನ್ ರಸವನ್ನು ಅದು ಬತ್ತಿಸುವುದು. ಎಲುಬನ್ನು ಕಾಯುವುದೂ ಆ ರಸವೇ! ಹಗೆಗೆ ಕೂಳು ತಡೆಯಹೋಗಿ ಮನೆಮಂದಿಯೂ ಉಪವಾಸ ಬಿದ್ದಂತಾಯಿತು. ಎಲುಬಿನ ಸವೆತಕ್ಕೆ ನೋವಿಲ್ಲ, ಸದ್ದಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದ ದಿನವೇ ಅದರ ವಾರ್ತೆ. ಆಕೆಯ ಪುಣ್ಯಕ್ಕೆ ಡೆಕ್ಸಾ ಯಂತ್ರವು ಮೊದಲೇ ಎಚ್ಚರಿಸಿತು: ಅಂಕ ಋಣ 2.6. ಋಣ 2.5ಕ್ಕೆ ಇಳಿದರೇ ಅಸ್ಥಿರಂಧ್ರತೆಯೆನ್ನುವರು. ಗುಳಿಗೆಯನ್ನೇ ಬಿಡುವೆನೆಂದು ಆಕೆ ಹಠಹಿಡಿದಳು, ವೈದ್ಯರು ಒಪ್ಪಲಿಲ್ಲ. ಮೊದಲು ಹಲ್ಲುಗಳನ್ನು ಪರೀಕ್ಷೆ ಮಾಡಿಸಿ, ಆರು ತಿಂಗಳಿಗೊಮ್ಮೆ ರಕ್ತನಾಳಕ್ಕೆ ಜೋಲೆಡ್ರೋನಿಕ್ ಆಮ್ಲವನ್ನು ಕೊಡತೊಡಗಿದರು. ರಾಗಿಮುದ್ದೆಯೊಂದೇ ಸಾಕೆಂಬ ಅತ್ತೆಯವರ ವಾದವು ಅರ್ಧಸತ್ಯ; 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವುಂಟು, ಔಷಧದ ಶಕ್ತಿಯಿಲ್ಲ. ಈಗ ಸಂಜೆ ಆಕೆ ಕೆರೆಯ ಏರಿಯ ಮೇಲೆ ನಡೆಯುವಳು. ಬಚ್ಚಲಿನ ಪಾಚಿಯನ್ನು ಯಜಮಾನರೇ ಉಜ್ಜುವರು.