ಜಯನಗರದ ಜಾವಾಗಳು

ಬೆಂಗಳೂರಿನ ದಕ್ಷಿಣ ಭಾಗಕ್ಕೆ ತನ್ನದೇ ಆದ ಒಂದು ಗಾಂಭೀರ್ಯವುಂಟು. ೧೯೪೮ರಲ್ಲಿ ಅಸ್ತಿಭಾರ ಕಂಡ ಜಯನಗರವು ನಕ್ಷೆ ಬರೆದು ಕಟ್ಟಿದ ಬಡಾವಣೆ. ಅದರ ನೆರೆಯ ಬನಶಂಕರಿಗೆ ದೇವಿಯ ಹೆಸರು, ಜೆ. ಪಿ. ನಗರಕ್ಕೆ ಜಯಪ್ರಕಾಶ ನಾರಾಯಣರ ಹೆಸರು. ಬಿ. ಟಿ. ಎಂ. ಬಡಾವಣೆಗೆ ಮಾತ್ರ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳೇ ಗತಿಯಾದುವು. ಈ ಬೀದಿಗಳಲ್ಲಿ ಭಾನುವಾರ ಬೆಳಗ್ಗೆ ಸುಪ್ರಭಾತ ಮುಗಿದು, ಕಾಫಿಯ ಎರಡನೆಯ ಸುತ್ತು ನಡೆಯುವ ಹೊತ್ತಿಗೆ, ಯಾವುದೋ ಒಂದು ಕಾಂಪೌಂಡಿನ ಒಳಗಿನಿಂದ ಡಗ ಡಗ ಡಗ ಎಂಬ ಸದ್ದು ಹೊರಡುತ್ತದೆ. ಅದರ ಹಿಂದೆಯೇ ಹೊಂಗೆಯ ಮರದ ಕೆಳಗೆ ನೀಲಿ ಹೊಗೆಯ ಒಂದು ಎಳೆ ತೇಲುತ್ತದೆ. ಆ ಕಡೆಯ ಹಿರಿಯರು ತಲೆಯೆತ್ತಿ ನೋಡದೆಯೇ ಹೇಳಬಲ್ಲರು: ಅದು ಜಾವಾ, ಇಲ್ಲವಾದರೆ ಅದರ ತಮ್ಮ ಯೆಜ್ಡಿ.

ಲೋಕದಲ್ಲಿ ಹವ್ಯಾಸಗಳಿಗೆ ಕೊರತೆಯಿಲ್ಲ. ಪಶ್ಚಿಮ ದೇಶಗಳಲ್ಲಿ ಮರ ಕೊಯ್ಯುವ ಹಳೆಯ ಮೋಟಾರು ಗರಗಸಗಳನ್ನು ಕೂಡಿಸಿ, ಬಿಚ್ಚಿ, ತೊಳೆದು, ಮತ್ತೆ ಓಡಿಸಿ ಆನಂದಪಡುವವರಿದ್ದಾರೆ. ಆ ಗರಗಸದ ಹೊಟ್ಟೆಯಲ್ಲಿರುವುದೂ ಜಾವಾದ ಹೊಟ್ಟೆಯಲ್ಲಿರುವುದೂ ಒಂದೇ ಜಾತಿಯ ಎಂಜಿನ್ನು. ಜಯನಗರದಲ್ಲಿ ಮರ ಕೊಯ್ಯಲು ಹೊರಟರೆ ನೆರೆಹೊರೆಯವರು ಸುಮ್ಮನಿರುವುದಿಲ್ಲವಾದ್ದರಿಂದ, ಇಲ್ಲಿನವರ ಉತ್ಸಾಹವು ಮೋಟಾರು ಸೈಕಲ್ಲಿನ ಕಡೆಗೆ ತಿರುಗಿದ್ದು ಒಳ್ಳೆಯದೇ ಆಯಿತು.

ಜಾವಾ ಎಂಬುದು ದ್ವೀಪದ ಹೆಸರಲ್ಲ. ಚೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತನು ೧೯೨೯ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರು ಸೈಕಲ್ಲಿನ ವಿದ್ಯೆಯನ್ನು ಕೊಂಡನು. ತನ್ನ ಹೆಸರಿನ ಎರಡಕ್ಷರ, ವಾಂಡರರಿನ ಎರಡಕ್ಷರ ಸೇರಿಸಿ ಈ ನಾಮಕರಣ ಮಾಡಿದನು. ಆ ಗಾಡಿ ಕನ್ನಡನಾಡಿನದಾದದ್ದು ೧೯೬೧ರಲ್ಲಿ. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿಯವರ ಐಡಿಯಲ್ ಜಾವಾ ಕಂಪನಿಯು ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ತೆರೆದು ಅದನ್ನು ತಯಾರಿಸತೊಡಗಿತು. ೧೯೭೩ರಿಂದ ಅದೇ ಕಾರ್ಖಾನೆಯ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಬಂದುವು; ಇದು ಇರಾನಿನ ಯಜ್ದ್ ನಗರದ ನೆನಪು. ಹೀಗೆ ಚೆಕ್ ದೇಶದ ವಿದ್ಯೆ, ಪಾರಸಿಕರ ಹೆಸರು, ಮೈಸೂರಿನ ಕೆಲಸಗಾರರ ಕೈ ಮೂರೂ ಕೂಡಿ ಆದದ್ದು ಈ ಗಾಡಿ.

ಇದರ ವಿಲಕ್ಷಣಗಳನ್ನು ಎಣಿಸುತ್ತ ಕುಳಿತರೆ ಹೊತ್ತು ಹೋಗುವುದೇ ತಿಳಿಯದು. ಎಂಜಿನ್ನಿಗೆ ಸಿಲಿಂಡರು ಒಂದೇ, ಸೈಲೆನ್ಸರು ಮಾತ್ರ ಎರಡು. ಹಳೆಯ ಜಾವಾದ ಬೀಗದ ಕೈ ಒಂದು ಮೊಳೆಗಿಂತ ಹೆಚ್ಚಿನದಲ್ಲ. ಕಳೆದುಹೋದಾಗ ನಿಜವಾದ ಮೊಳೆಯಿಂದಲೇ ಕೆಲಸ ಸಾಗಿಸಿದವರುಂಟು. ಗೇರು ಹಾಕುವ ಕಡ್ಡಿಯೇ ಕಿಕ್ಕರು ಕೂಡ: ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ನೆಟ್ಟಗೆ ನಿಂತು ತುಳಿತಕ್ಕೆ ಸಿದ್ಧವಾಗುತ್ತದೆ, ಎಂಜಿನ್ನು ಎದ್ದಮೇಲೆ ಮುಂದಕ್ಕೆ ಮಡಿಸಿದರೆ ಗೇರಿನ ಕೆಲಸಕ್ಕೆ ಹೋಗುತ್ತದೆ. ಗೊತ್ತಿಲ್ಲದವನು ಎಡಗಡೆಯ ಈ ಕಡ್ಡಿಯ ಮರ್ಮ ಅರಿಯದೆ ಬಲಗಡೆಯಲ್ಲಿ ಕಿಕ್ಕರು ಹುಡುಕುವುದನ್ನು ನೋಡುವುದೇ ಒಂದು ವಿನೋದ. ಗಾಡಿ ಕಳವಾಗದಿರಲು ಇದಕ್ಕಿಂತ ಒಳ್ಳೆಯ ಉಪಾಯ ಬೇಕಾಗಿಲ್ಲ.

ಇದರ ಎಂಜಿನ್ನಿನಲ್ಲಿ ವಾಲ್ವುಗಳಿಲ್ಲ. ಪಿಸ್ಟನ್ನು ಒಮ್ಮೆ ಏರಿ ಒಮ್ಮೆ ಇಳಿಯುವುದರೊಳಗೆ ಹೀರುವುದು, ಅದುಮುವುದು, ಉರಿಸುವುದು, ಹೊರಹಾಕುವುದು ನಾಲ್ಕೂ ಮುಗಿಯಬೇಕು. ಪೆಟ್ರೋಲು ಮೊದಲು ಕ್ರ್ಯಾಂಕಿನ ಮನೆಯನ್ನು ಹಾದು ಮೇಲಕ್ಕೆ ಹೋಗುವುದರಿಂದ ಅಲ್ಲಿಯ ಬೇರಿಂಗುಗಳಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಬೇಕು: ಲೀಟರಿಗೆ ೪೦ರಿಂದ ೫೦ ಮಿಲಿಲೀಟರು. ಕಡಿಮೆಯಾದರೆ ಪಿಸ್ಟನ್ನು ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಹೊಗೆ, ಮಸಿ. ಹೊಸ ಮಿಶ್ರಣ ಒಳಬರುವಾಗ ಹೊರಬಾಗಿಲೂ ತೆರೆದೇ ಇರುವುದರಿಂದ ಒಂದು ಪಾಲು ಪೆಟ್ರೋಲು ಉರಿಯದೆಯೇ ಹೊರಟುಹೋಗುತ್ತದೆ. ಈ ದುಂದುಗಾರಿಕೆಯೇ ಕೊನೆಗೆ ಯೆಜ್ಡಿಗೆ ಮುಳುವಾದುದರಲ್ಲಿ ಒಂದು. ೧೯೮೪–೮೫ರಲ್ಲಿ ಜಪಾನಿನ ನೆರವಿನ ೧೦೦ ಸಿ.ಸಿ.ಯ ಹಗುರ ಗಾಡಿಗಳು ಬಂದು, ಲೀಟರಿಗೆ ಅದರ ಎರಡರಷ್ಟು ದೂರ ಓಡತೊಡಗಿದಾಗ ಸಂಸಾರವಂದಿಗರು ಲೆಕ್ಕ ಹಾಕಿದರು. ೧೯೯೬ರಲ್ಲಿ ಮೈಸೂರಿನ ಕಾರ್ಖಾನೆಯ ಬಾಗಿಲು ಮುಚ್ಚಿತು. ೨೦೧೮ರಲ್ಲಿ ಜಾವಾ, ೨೦೨೨ರಲ್ಲಿ ಯೆಜ್ಡಿ ಹೆಸರುಗಳು ಮತ್ತೆ ಬಂದುವಾದರೂ ಅವು ನಾಲ್ಕು ಹೊಡೆತದ ಬೇರೆಯೇ ಎಂಜಿನ್ನಿನ ಗಾಡಿಗಳು, ಮಧ್ಯಪ್ರದೇಶದ ಪೀಥಂಪುರದಲ್ಲಿ ಹುಟ್ಟಿದವು. ಹಳಬರು ಅವನ್ನು ಮರ್ಯಾದೆಯಿಂದ ನೋಡುತ್ತಾರೆ. ನೆಂಟರ ಮಕ್ಕಳನ್ನು ನೋಡುವಂತೆ.

ಹಳೆಯ ಗಾಡಿ ಹವ್ಯಾಸಿಯ ಕೈ ಸೇರುವ ಬಗೆ ಹಲವು. ತಂದೆಯವರು ಕಚೇರಿಗೆ ಓಡಿಸಿ ಗ್ಯಾರೇಜಿನ ಮೂಲೆಗೆ ತಳ್ಳಿದ್ದಿರಬಹುದು. ಗುಜರಿಯಂಗಡಿಯಲ್ಲಿ ತೂಕದ ತಕ್ಕಡಿ ಏರುವ ಮೊದಲೇ ತಪ್ಪಿಸಿ ತಂದದ್ದಿರಬಹುದು. ತಂದ ದಿನ ಮನೆಯಲ್ಲಿ ನಡೆಯುವ ಸಂವಾದ ಮಾತ್ರ ಎಲ್ಲ ಬ್ಲಾಕುಗಳಲ್ಲಿಯೂ ಒಂದೇ.

“ರೀ, ಇದೇನು ತಂದಿರಿ? ತುಳಸಿಕಟ್ಟೆಯ ಪಕ್ಕದಲ್ಲಿ ಈ ತುಕ್ಕು ಇಡೋದಕ್ಕೆ ನಾನು ಬಿಡೋದಿಲ್ಲ.”

“ಎರಡೇ ತಿಂಗಳು ಕಣೇ. ಆಮೇಲೆ ನೀನೇ ಹಿಂದೆ ಕೂತು ಗಾಂಧಿ ಬಜಾರಿಗೆ ಬರ್ತೀಯೆ.”

ಎರಡು ತಿಂಗಳು ಎರಡು ವರ್ಷವಾಗುವುದು ಸಾಮಾನ್ಯ. ಮೊದಲ ಯಾತ್ರೆ ಜೆ. ಸಿ. ರಸ್ತೆಗೂ ಕಲಾಸಿಪಾಳ್ಯಕ್ಕೂ. ಅಲ್ಲಿಯ ಬಿಡಿಭಾಗಗಳ ಅಂಗಡಿಗಳಲ್ಲಿ ಪಿಸ್ಟನ್ನು, ರಿಂಗು, ಕ್ಲಚ್ಚಿನ ಪ್ಲೇಟುಗಳನ್ನು ಕೇಳಿಕೊಂಡು ಒಂದು ಅಂಗಡಿಯಿಂದ ಇನ್ನೊಂದಕ್ಕೆ ಅಲೆಯಬೇಕು. ಸಿಕ್ಕರೂ ಅದು ಕಾರ್ಖಾನೆಯ ಮಾಲೋ, ಈಚಿನ ನಕಲೋ ಎಂಬುದನ್ನು ಬೆರಳಿನಿಂದ ಸವರಿ, ತೂಗಿ ನೋಡಿ ತಿಳಿಯಬೇಕು. ಸಿಕ್ಕದ್ದನ್ನು ಲೇತಿನ ಅಂಗಡಿಯಲ್ಲಿ ಮಾಡಿಸಬೇಕು. ಸವೆದ ಸಿಲಿಂಡರಿಗೆ ಬೋರಿಂಗು, ನೆಗ್ಗಿದ ಟ್ಯಾಂಕಿಗೆ ಟಿಂಕರಿಂಗು, ಅದರ ಪಕ್ಕೆಗಳಿಗೆ ಕ್ರೋಮಿಯಂ ಲೇಪ, ಮೇಲೆ ಆ ಪರಿಚಿತ ಕೆಂಗಂದು ಬಣ್ಣ. ವರ್ಷಗಟ್ಟಲೆ ಎಣ್ಣೆಹೊಗೆ ಕುಡಿದ ಸೈಲೆನ್ಸರುಗಳೊಳಗೆ ಮಸಿ ಕಲ್ಲಾಗಿ ಕೂತಿರುತ್ತದೆ. ಅವಕ್ಕೆ ಕಾಸ್ಟಿಕ್ ಸೋಡಾದ ಅಭ್ಯಂಜನ. ಆ ದಿನ ಮಕ್ಕಳನ್ನು ಹಿತ್ತಿಲಿಗೆ ಬಿಡಬಾರದು.

ಆದರೆ ಹಣ ಕೊಟ್ಟರೂ ದುರ್ಲಭವಾಗುತ್ತಿರುವುದು ಬಿಡಿಭಾಗವಲ್ಲ, ಕಿವಿ. ಎರಡು ಮನೆಯಾಚೆಯಿಂದ ಸದ್ದು ಕೇಳಿ, “ಸಾರ್, ಪಾಯಿಂಟ್ ಗ್ಯಾಪ್ ಜಾಸ್ತಿ ಆಗಿದೆ” ಎನ್ನುವ ಮೆಕ್ಯಾನಿಕ್ಕುಗಳು ಈಗ ಅರುವತ್ತು ದಾಟಿದವರು. ಹೊಗೆಯ ಬಣ್ಣ, ವಾಸನೆ ನೋಡಿಯೇ ಕ್ರ್ಯಾಂಕಿನ ಆಯಿಲ್ ಸೀಲು ಹರಿದು ಗೇರುಪೆಟ್ಟಿಗೆಯ ಎಣ್ಣೆ ಉರಿಯುತ್ತಿದೆಯೆಂದು ಹೇಳುವ ವಿದ್ಯೆ ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಅವರ ಮಕ್ಕಳು ಕಂಪ್ಯೂಟರಿನ ಉದ್ಯೋಗಕ್ಕೆ ಹೋಗಿದ್ದಾರೆ, ತಪ್ಪೇನಿಲ್ಲ. ಆದರೆ ಅದೇ ಕಂಪ್ಯೂಟರಿನ ಉದ್ಯೋಗದಲ್ಲಿರುವ ತರುಣರು ಕೆಲವರು ರಜೆಯ ದಿನ ಬಂದು, “ಭಾಯ್, ನೀವು ಕೂತು ಹೇಳಿ, ನಾನು ಬಿಚ್ಚುತೇನೆ” ಎಂದು ಸ್ಪ್ಯಾನರು ಹಿಡಿಯುತ್ತಿದ್ದಾರೆ.

ತೊಡಕುಗಳು ಇನ್ನೂ ಇವೆ. ಕಾಂಪೌಂಡು, ಹಿತ್ತಿಲುಗಳಿದ್ದ ಒಂಟಿ ಮನೆಗಳು ಉರುಳಿ ಮಹಡಿಮನೆಗಳಾಗುತ್ತಿರುವಾಗ ಎಂಜಿನ್ನು ಬಿಚ್ಚಿಡಲು ಜಾಗವೆಲ್ಲಿ? ಪೆಟ್ರೋಲಿಗೆ ಈಗ ಶೇಕಡ ೨೦ರಷ್ಟು ಎಥನಾಲ್ ಸೇರುತ್ತಿದೆ; ಹಳೆಯ ಕಾಲದ ರಬ್ಬರಿಗೆ ಅದು ಒಗ್ಗದು, ನೀರನ್ನೂ ಎಳೆದುಕೊಳ್ಳುತ್ತದೆ. ಆದ್ದರಿಂದ ಜಾಣರು ಗಾಡಿ ನಿಲ್ಲಿಸುವಾಗ ಕಾರ್ಬ್ಯುರೇಟರನ್ನು ಬರಿದು ಮಾಡುತ್ತಾರೆ. ೨೦೨೧ರ ಕೇಂದ್ರ ನಿಯಮದಂತೆ ೫೦ ವರ್ಷ ದಾಟಿ ಮೂಲರೂಪದಲ್ಲಿರುವ ಗಾಡಿಯನ್ನು ಪಾರಂಪರಿಕ ವಾಹನವೆಂದು ನೋಂದಾಯಿಸಬಹುದು. ಶುಲ್ಕ ೨೦,೦೦೦ ರೂಪಾಯಿ, ಅವಧಿ ೧೦ ವರ್ಷ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ ಮುಂತಾದುವಕ್ಕಲ್ಲದೆ ದಿನದ ಓಡಾಟಕ್ಕೆ ಬಳಸುವಂತಿಲ್ಲ. ತರಕಾರಿ ತರಲು ಹೋಗಲಾಗದ ಜಾವಾ ಜಾವಾವೇ ಅಲ್ಲ ಎನ್ನುವವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳುತ್ತ, ಹೊಗೆಯ ಪರೀಕ್ಷೆಗೆ ದೇವರನ್ನು ನೆನೆದು ನಿಲ್ಲುತ್ತಾರೆ. ಹೊಗೆ ನೆರೆಯವರ ಮೂಗಿಗೆ ಹಿತವಲ್ಲವೆಂಬುದು ಅವರಿಗೂ ಗೊತ್ತು. ಆದುದರಿಂದಲೇ ಒಳ್ಳೆಯ ಹವ್ಯಾಸಿ ಮನೆಯ ಮುಂದೆ ಎಂಜಿನ್ನನ್ನು ಸುಮ್ಮನೆ ಗುರುಗುಟ್ಟಿಸುತ್ತ ನಿಲ್ಲುವುದಿಲ್ಲ.

ಜುಲೈ ತಿಂಗಳ ಎರಡನೆಯ ಭಾನುವಾರ ಇವರಿಗೆ ಜಾವಾ ದಿನ. ಅಂದು ಬೆಂಗಳೂರಿನ ಗಾಡಿಗಳೆಲ್ಲ ಒಂದೆಡೆ ಕೂಡುತ್ತವೆ. ಅದಕ್ಕೆ ಮೊದಲಿನ ವಾರಗಳಲ್ಲಿ ಬನಶಂಕರಿಯಿಂದ ಕನಕಪುರದ ರಸ್ತೆಯಲ್ಲಿ, ಮೇಲೆ ಮೆಟ್ರೊ ರೈಲು ಸಾಗುವಾಗ ಕೆಳಗೆ ಪರೀಕ್ಷೆಯ ಓಟ ನಡೆಯುತ್ತದೆ. ತಲಘಟ್ಟಪುರ ದಾಟಿ, ನೆರಳು ಕಂಡಲ್ಲಿ ಗಾಡಿ ನಿಲ್ಲಿಸಿ, ಬಿಸಿ ಆರುವ ಮುನ್ನವೇ ಬಟ್ಟೆ ಸುತ್ತಿದ ಕೈಯಿಂದ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡುತ್ತಾರೆ. ಅದರ ತುದಿ ಬಿಳಿಚಿಕೊಂಡಿದ್ದರೆ ಪೆಟ್ರೋಲು ಸಾಲದು, ಕರ್ರಗಿದ್ದರೆ ಹೆಚ್ಚಾಯಿತು. ಹದವಾಗಿ ಹುರಿದ ಕಾಫಿಬೀಜದ ಬಣ್ಣ ಬಂದಿದ್ದರೆ ಪ್ಲಗ್ಗನ್ನು ಮತ್ತೆ ಬಿಗಿದು, ಕಡ್ಡಿಯನ್ನು ಒಳಕ್ಕೆ ಒತ್ತಿ, ಹಿಂದಕ್ಕೆ ತಿರುಗಿಸಿ, ತುಳಿದು ಮನೆಯ ಕಡೆ ಹೊರಡುತ್ತಾರೆ. ಇಲ್ಲವಾದರೆ ಮುಂದಿನ ಭಾನುವಾರಕ್ಕೂ ಕೆಲಸವುಂಟು.